ಕೆಂಪು ಲೋಳೆಯೂ ಉಪ್ಪುನೀರಿನವನೂ

"ಇದು ನಿಮ್ಮ ಅಂಗಡಿಯಿಂದ ಬಂದಿದ್ದು."

ಅವಳು ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಅಕ್ಕಪಕ್ಕದ ತೊಟ್ಟಿಗಳ ಮೀನುಗಳೆಲ್ಲ ಮೂಲೆ ಸೇರಿದವು. ಬಾಟಲಿಯೊಳಗೆ ಕೆಂಪು ಲೋಳೆ ಹರಿದ ಬಟ್ಟೆಯ ಹಾಗೆ ತೇಲುತ್ತಿತ್ತು.

ಅಲಂಕಾರದ ಮೀನು, ಹವಳ ಮಾರುವ ಅಂಗಡಿ ಅದು. ಅಂಗಡಿಯವನು ಮೊಣಕೈವರೆಗೆ ಒದ್ದೆಯಾಗಿದ್ದ ತೋಳು ಒರೆಸಿಕೊಳ್ಳುತ್ತ ಬಂದು, ಬಾಟಲಿಯನ್ನು ಬೆಳಕಿಗೆ ಹಿಡಿದ.

"ಸಯನೋಬ್ಯಾಕ್ಟೀರಿಯಾ," ಎಂದ, ಹಳೇ ನೆಂಟರ ಹೆಸರು ಹೇಳುವಷ್ಟು ಸಲೀಸಾಗಿ. "ಮರಳಿನ ಮೇಲೆಲ್ಲ ಹಾಸ್ಕೊಂಡಿದೆಯಾ?"

"ಹವಳದ ಮೇಲೂ ಹತ್ತುತ್ತಿದೆ. ನೀವು ಮನೆಗೆ ಕಳಿಸಿದ ಹವಳದ ಜೊತೆನೇ ಬಂದಿದ್ದು. ಔಷಧಿ ಕೊಡಿ."

"ಕೊಡಲ್ಲ."

"ಏನಂದ್ರಿ?"

"ಔಷಧಿಗೆ ಈಗ ಹೋಗುತ್ತೆ, ಆಮೇಲೆ ಮತ್ತೆ ಬರುತ್ತೆ ಮೇಡಂ. ಇದು ಎಲ್ಲರ ತೊಟ್ಟಿಲೂ ಒಂದಿಷ್ಟು ಇದ್ದೇ ಇರುತ್ತೆ. ಮೀನು ತಿಂದು ಮಿಕ್ಕಿದ್ದು ನೀರಲ್ಲಿ ಕೊಳೆತರೆ ಮಾತ್ರ ಹೀಗೆ ಕೊಬ್ಬುತ್ತೆ. ನೀವು ಜಾಸ್ತಿ ತಿನ್ನಿಸ್ತಿದೀರ."

"ದಿನಕ್ಕೆ ಒಂದೇ ಒಂದು ಚಿಟಿಕೆ ಹಾಕ್ತೀನಿ."

"ಹಾಗಾದ್ರೆ ಲೋಳೆನೇ ಸುಳ್ಳು ಹೇಳ್ತಿರಬೇಕು," ಎಂದು ಅವನು ನಕ್ಕ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಕ್ಕಾಗ ಅವನ ಎಡಗೆನ್ನೆಯಲ್ಲಿ ಗುಳಿ ಬಿದ್ದದ್ದಂತೂ ಇನ್ನೂ ದೊಡ್ಡ ಅಪರಾಧವೆನಿಸಿತು. ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟಳು. ದಾರಿಯುದ್ದಕ್ಕೂ ಬೈಯಲು ಹೆಸರು ಗೊತ್ತಿರಲಿಲ್ಲವಾದ್ದರಿಂದ ಅವನಿಗೆ 'ಉಪ್ಪುನೀರು' ಎಂದು ತಾನೇ ಹೆಸರಿಟ್ಟಳು.

ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹೊರಗೆ ಎಲ್ಲರೂ ಮೆಚ್ಚುವ ಹುಡುಗಿ. ಮನೆಯಲ್ಲಿ ಮಾತ್ರ ಅವಳಿಗೆ 'ಆರಂಭಶೂರಿ' ಎಂಬ ಬಿರುದು. ಸಂಗೀತ ಅರ್ಧಕ್ಕೆ ನಿಂತಿತ್ತು, ಈಜು ಅರ್ಧಕ್ಕೆ ನಿಂತಿತ್ತು, ಕಡೆಗೆ ಗೊತ್ತಾಗಿದ್ದ ಮದುವೆಯೂ ಅರ್ಧಕ್ಕೇ ನಿಂತಿತ್ತು. ಆ ಹುಡುಗನನ್ನು ಬೇಡವೆಂದದ್ದು ಅವಳೇ, ಸರಿಯಾದ ಕಾರಣಕ್ಕೇ. ಆದರೆ ಅಣ್ಣನ ಕಣ್ಣಿಗೆ ಎಲ್ಲವೂ ಒಂದೇ.

ಈ ಸಮುದ್ರದ ಅಕ್ವೇರಿಯಂ ಒಂದನ್ನೇ ಅವಳು ಬಿಡದೆ ಸಾಕಿದ್ದಳು. ಉಗುರಿನಷ್ಟಿದ್ದ ಹವಳದ ತುಂಡು ಅವಳ ಕೈಯಲ್ಲಿ ಅಂಗೈಯಗಲ ಬೆಳೆದಿತ್ತು. ಈಗ ಅದರ ಬುಡಕ್ಕೇ ಲೋಳೆ.

"ಈ ತಿಂಗಳ ಕೊನೆವರೆಗೂ ನೋಡ್ತೀನಿ," ಎಂದಿದ್ದ ಅಣ್ಣ. "ಆಮೇಲೆ ತೊಟ್ಟಿ ಹೊರಗೆ, ಆ ಜಾಗಕ್ಕೆ ಸೋಫಾ. ನಿಂದು ಯಾವುದು ತಾನೇ ಕೊನೆ ಮುಟ್ಟಿದೆ ಹೇಳು."

'ಇದರಲ್ಲೂ ಸೋತರೆ... ಅವರು ಹೇಳೋದೇ ನಿಜ ಅಂತ ನಾನೂ ನಂಬಿಬಿಡ್ತೀನಿ,' ಎಂದುಕೊಂಡಾಗ ಅವಳಿಗೆ ನಿಜಕ್ಕೂ ಭಯವಾಯಿತು.

ಮೊದಲು ಆ ಉಪ್ಪುನೀರಿನ ಮಾತು ಸುಳ್ಳೆಂದು ತೋರಿಸಬೇಕು. ರಜೆಯ ದಿನ, ಕೆಲಸಕ್ಕೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿ, ತೊಟ್ಟಿಯಿದ್ದ ನಡುಮನೆಯ ಕಿಟಕಿಯ ಉದ್ದನೆಯ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತಳು.

ಮೊದಲು ಬಂದದ್ದು ಅಜ್ಜಿ. "ಏನೋ ಮಗ, ಸೊರಗಿ ಹೋಗಿದೀಯಲ್ಲೋ," ಎಂದು ಮೀನಿಗೆ ಒಂದು ಚಿಟಿಕೆ ಹಾಕಿದಳು.

ಆಮೇಲೆ ಅಮ್ಮ. "ಅಯ್ಯೋ ಪಾಪ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ." ಅವಳದು ಇನ್ನೊಂದು ಚಿಟಿಕೆ, ಸ್ವಲ್ಪ ಧಾರಾಳವಾಗಿಯೇ.

ಆಮೇಲೆ, ತೊಟ್ಟಿ ಹೊರಗೆ ಎಂದು ಗುಡುಗಿದ್ದ ಅಣ್ಣ. "ಅವಳಿಗೆ ಹೇಳ್ಬೇಡ, ಆಯ್ತಾ?" ಎಂದು ಮೀನಿನ ಹತ್ತಿರ ಭಾಷೆ ತೆಗೆದುಕೊಂಡು ಡಬ್ಬಿ ತೆರೆದ.

ಆ ಮನೆಯ ರೀತಿಯೇ ಹಾಗೆ. ಪ್ರೀತಿಯೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಎದುರಿಗೆ ಕಂಡವರಿಗೆ ತಿನ್ನಿಸುವುದೊಂದೇ ಅವರಿಗೆ ಗೊತ್ತು.

'ಊರಿನವರ ಕಣ್ಣೆಲ್ಲ ನೋಡೋಳು ನಾನು. ನನ್ನ ಮನೆಯಲ್ಲಿ ನಡೆಯೋದೇ ಕಾಣಲಿಲ್ಲವಲ್ಲ...' ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಂದವನು ಆ ಉಪ್ಪುನೀರೇ.

"ಹವಳ ಕಳಿಸಿದ್ದ ವಿಳಾಸ ನೋಡ್ಕೊಂಡು ಬಂದೆ," ಎಂದು ಅವನು ಅಮ್ಮನಿಗೆ ಹೇಳುತ್ತಿದ್ದ. "ಅವತ್ತು ನಕ್ಕಿದ್ದು ತಪ್ಪಾಯ್ತು ಅಂತ ಅವರಿಗೆ ಹೇಳ್ಬೇಕಿತ್ತು."

ಪರದೆಯ ಹಿಂದೆ ಅವಳು ಸ್ಟೂಲಿನ ಅಂಚಿಗೆ ಸರಿದು ಇಣುಕಿದಳು. ಮಗಳು ಕೆಲಸಕ್ಕೆ ಹೋಗಿದ್ದಾಳೆಂದು ಹೇಳಿ ಅಮ್ಮ ಅವನನ್ನು ಕೂರಿಸಿ, ಕುಡಿಯಲು ತರುತ್ತೇನೆಂದು ಒಳಗೆ ಹೋದಳು. ಅವನು ತೊಟ್ಟಿಯ ಮುಂದೆ ಬಗ್ಗಿ ಹವಳದ ಬುಡವನ್ನು ನೋಡಿ ತುಟಿ ಕಚ್ಚಿಕೊಂಡ. ಕಿತ್ತಳೆ ಪಟ್ಟೆಯ ಮೀನು ಗಾಜಿಗೆ ಬಾಯಿ ಒತ್ತಿ ಅವನನ್ನೇ ನೋಡಿತು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಮೆಲ್ಲಗೆ ಡಬ್ಬಿಗೆ ಕೈಹಾಕಿದ.

ಅವಳು ಪರದೆ ಸರಿಸಿದಳು. "ಸಿಕ್ಕಿಬಿದ್ರಿ."

ಅವನ ಕೈಯಿಂದ ಡಬ್ಬಿಯ ಮುಚ್ಚಳ ಬಿತ್ತು. "ನೀವು... ಕೆಲಸಕ್ಕೆ ಹೋಗಿಲ್ವಾ?"

"ಜಾಸ್ತಿ ತಿನ್ನಿಸ್ತೀರ ಅಂತ ಪಾಠ ಹೇಳಿದೋರು ಯಾರು?"

"ಅದು ನನ್ನನ್ನೇ ನೋಡ್ತಿತ್ತು."

"ಅದು ಎಲ್ಲರನ್ನೂ ಹಾಗೇ ನೋಡೋದು. ಅದೇ ಅದರ ಕಸುಬು."

ಅವನ ಮುಖ ಕೆಂಪೇರಿದ್ದು ನೋಡಿ ಅವಳ ಕೋಪವೆಲ್ಲ ಇಳಿದುಹೋಯಿತು. "ನೀವು ಹೇಳಿದ್ದೇ ಸರಿ," ಎಂದಳು, ದನಿ ತಗ್ಗಿಸಿ. "ನನ್ನದು ಒಂದೇ ಚಿಟಿಕೆ. ಆದ್ರೆ ಮನೆಮಂದಿಯೆಲ್ಲ ಹಾಕ್ತಿದಾರೆ."

"ಈಗ ನಾನೂ ಆ ಗುಂಪಿಗೆ ಸೇರಿದೆ," ಎಂದ ಅವನು. ಇಬ್ಬರೂ ನಕ್ಕರು. ಈ ಸಲ ಆ ಗುಳಿಯ ಮೇಲೆ ಅವಳಿಗೆ ಯಾವ ದೂರೂ ಇರಲಿಲ್ಲ.

ಅಂದೇ ಪಂಚಾಯ್ತಿ ನಡೆಯಿತು. "ನಾನು ಹಾಕಿದ್ದು ಎರಡೇ ಕಾಳು," ಎಂದಳು ಅಜ್ಜಿ. ಅಮ್ಮ ಅಣ್ಣನ ಮುಖ ನೋಡಿದಳು, ಅಣ್ಣ ಸೂರು ನೋಡಿದ. ಡಬ್ಬಿ ಅವಳ ಕೈಚೀಲ ಸೇರಿತು.

"ನಾನೇ ತೊಟ್ಟಿ ಶುಚಿ ಮಾಡಿಕೊಡ್ಲಾ?" ಎಂದು ಅವನು ಕೇಳಿದ.

"ಬೇಡ. ನೀವು ಪೈಪು ಹಿಡ್ಕೊಳ್ಳಿ, ಸಾಕು."

ಸಣ್ಣ ಪೈಪಿನಿಂದ ಲೋಳೆಯನ್ನು ಬಕೆಟ್ಟಿಗೆ ಹೀರಿ ತೆಗೆದಳು. ಪಂಪನ್ನು ನೀರು ಅಲುಗದೆ ಸತ್ತಂತಿದ್ದ ಮೂಲೆಯ ಕಡೆಗೆ ತಿರುಗಿಸಿದಳು. ಶುದ್ಧ ನೀರಿಗೆ ಉಪ್ಪು ಬೆರೆಸಿ ತುಂಬಿದಳು. ದೀಪ ಆರಿಸಿ ತೊಟ್ಟಿಗೆ ಕಪ್ಪು ಹೊದಿಕೆ ಹೊದಿಸಿದಳು. ಕೆಲವು ದಿನ ಕಳೆದು ಹೊದಿಕೆ ತೆಗೆದಾಗ ಮರಳು ಬೆಳ್ಳಗಿತ್ತು. ಆದರೆ ವಾರ ತುಂಬುವುದರೊಳಗೆ ಒಂದು ಮೂಲೆಯಲ್ಲಿ ಮತ್ತೆ ಕೆಂಪು ಕಾಣಿಸಿಕೊಂಡಿತು.

ಅಣ್ಣ ಬಾಯಿ ತೆರೆಯುವ ಮೊದಲೇ ಅವಳು ತೋಳು ಮಡಿಸಿ ಪೈಪು ಕೈಗೆತ್ತಿಕೊಂಡಳು. ಮತ್ತೆ ಹೀರಿದಳು, ಮತ್ತೆ ನೀರು ಬದಲಿಸಿದಳು. ಕೈಬಿಡಬೇಕೆಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಲ್ಲುತ್ತಿದ್ದವನು ಅವಳ ಮುಖವನ್ನೇ ನೋಡುತ್ತ, ನೀರು ಕಾಲ ಮೇಲೆ ಚೆಲ್ಲಿದರೂ ಸುಮ್ಮನಿರುತ್ತಿದ್ದ.

ತಿಂಗಳ ಕೊನೆಯ ದಿನ ಅಣ್ಣ ಸೋಫಾಕ್ಕೆ ಜಾಗ ಅಳೆಯಲು ಟೇಪು ಹಿಡಿದು ಬಂದ. ತೊಟ್ಟಿಯ ಮುಂದೆ ನಿಂತವನು ಅಲ್ಲಿಂದ ಕದಲಲೇ ಇಲ್ಲ. ಬಿಳಿ ಮರಳು. ಬುಡದವರೆಗೂ ಶುಭ್ರವಾದ ಹವಳ, ಮೈತುಂಬ ಹಸಿರು ಎಸಳು ಬಿಚ್ಚಿಕೊಂಡು ತೂಗುತ್ತಿತ್ತು.

ಅಣ್ಣ ಟೇಪನ್ನು ಜೇಬಿಗೆ ಹಾಕಿಕೊಂಡ. "ಸೋಫಾ ಆ ಕಡೆ ಗೋಡೆಗೆ ಹಾಕೋಣ," ಎಂದ. ಹತ್ತಿರ ಬಂದು, "ಗೆದ್ದೆ ಕಣೇ," ಎಂದು ಅವಳ ತಲೆ ನೇವರಿಸಿ ಹೋದ.

ಅವಳ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಉಪ್ಪುನೀರಿನವನು ಪೈಪು ಸುತ್ತುತ್ತಿದ್ದ, ಬೇಕೆಂದೇ ನಿಧಾನವಾಗಿ.

"ಇನ್ನು ನನಗಿಲ್ಲಿ ಕೆಲಸ ಇಲ್ಲ."

"ಬೇಜಾರಾ?"

"ತುಂಬಾ. ಲೋಳೆ ಹೋಯ್ತು ಅಂತ ಯಾರಾದ್ರೂ ಬೇಜಾರು ಮಾಡ್ಕೋತಾರಾ? ನಾನು ಮಾಡ್ಕೋತಿದೀನಿ." ಅವನು ತಲೆಯೆತ್ತಿದ. "ನೀವು ಬಾಟಲಿ ಕುಕ್ಕಿ ಹೋದ ದಿನದಿಂದ ನಾನು ಅಂಗಡಿ ಬಾಗಿಲನ್ನೇ ನೋಡ್ತಾ ಕೂತಿದ್ದೆ... ನೀವಂದ್ರೆ ನನಗೆ ಪ್ರಾಣ."

ಆ ಹಳೆಯ ಸಂಬಂಧದಲ್ಲಿ ಅವಳಿಗೆ ಪ್ರತಿಸಲವೂ ಎದ್ದು ಹೋಗಬೇಕೆನಿಸುತ್ತಿತ್ತು. ಈಗ ಕಾಲುಗಳು ನೆಲದಲ್ಲಿ ಬೇರು ಬಿಟ್ಟಿದ್ದವು.

ಅಷ್ಟರಲ್ಲಿ ಅಜ್ಜಿ ತಟ್ಟೆ ಹಿಡಿದು ಬಂದಳು. "ಮೀನಿಗಂತೂ ಹಾಕೋ ಹಾಗಿಲ್ಲ. ಈ ಹುಡುಗನಿಗಾದ್ರೂ ಹಾಕಬಹುದೇನೇ?"

"ಹಾಕಜ್ಜಿ," ಎಂದಳು ಅವಳು, ಅವನ ಮುಖದಿಂದ ಕಣ್ಣು ಕೀಳದೆ. "ದಿನಾ ಹಾಕು."

ಅವನ ಕೈಯಿಂದ ಪೈಪು ಜಾರಿತು. "ದಿನಾನಾ?"

ಅವಳು ಆ ಒದ್ದೆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ದಿನಾ. ಇದನ್ನ ಅರ್ಧಕ್ಕೆ ಬಿಡೋಳಲ್ಲ ನಾನು."