ಮೈಗೆ ಒಗ್ಗಿದ ಮಾತ್ರೆ

ಮೊದಲು ಅಗ್ಗದ ಮಾತ್ರೆ, ಅದು ಸೋತರೆ ಮಾತ್ರ ಇಂಜೆಕ್ಷನ್ನು. ವಿಮೆ ಕಚೇರಿಯ ಹೆಂಗಸು ಫೋನಿನಲ್ಲಿ ಇದನ್ನು ಬಹಳ ಮರ್ಯಾದೆಯಿಂದಲೇ ಹೇಳಿದಳು. "ನಿಮ್ಮ ಮಗಳು ಮೂರು ತಿಂಗಳು ತಗೊಳ್ಲಿ ಅಮ್ಮಾ. ಗುಣ ಕಾಣ್ಲಿಲ್ಲ ಅಂದ್ರೆ ನಮ್ಮ ಡಾಕ್ಟರೇ ನೋಡಿ ಒಪ್ಪಿಗೆ ಕೊಡ್ತಾರೆ." ಕೇಕಮ್ಮ ಫೋನು ಕೆಳಗಿಟ್ಟು, ಅರ್ಧ ಅರಳಿಸಿದ್ದ ಸಕ್ಕರೆಯ ಗುಲಾಬಿಯನ್ನು ಮುಷ್ಟಿಯಲ್ಲಿ ಹಿಸುಕಿ ಹಾಕಿದಳು.

ಬೇಕರಿಯ ಹಿಂದಿನ ಕೋಣೆಯಲ್ಲಿ ಕೇಕುಗಳ ಮೇಲೆ ಹೂವು, ಎಲೆ, ಹಕ್ಕಿ ಕೂರಿಸುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಕೇಕಮ್ಮ. ಒಬ್ಬಳೇ ಮಗಳು ಕನ್ನಡಕದ ಅಂಗಡಿಯಲ್ಲಿ ಎಳ್ಳುಕಾಳಿನಷ್ಟು ತಿರುಪುಗಳನ್ನು ಕೂರಿಸುವವಳು. ಆ ಬೆರಳುಗಳ ಕೀಲುಗಳಿಗೆ ಈಗ ವಾತ ಹಿಡಿದಿತ್ತು. ಬಂದು ಹೋಗುವ ಕಾಯಿಲೆಯಲ್ಲ, ಬದುಕಿರುವ ತನಕ ಜೊತೆಗಿರುವಂಥದ್ದು. ಹೊಸ ಇಂಜೆಕ್ಷನ್ನು ಬೇಗ ಶುರುವಾದರೆ ಬೆರಳು ಉಳಿಯುತ್ತದೆ ಎಂದು ಕೀಲಿನ ಡಾಕ್ಟರು ಹೇಳಿದ್ದರು. ವಿಮೆಯವರು ಒಪ್ಪದೆ ಅದರ ಬೆಲೆಯ ಕಡೆ ಕಣ್ಣೆತ್ತಿ ನೋಡುವಂತಿರಲಿಲ್ಲ.

ಮಾತ್ರೆಯನ್ನು ನುಂಗಿಸಿ ಮೂರು ತಿಂಗಳು ಕಾಯಬಹುದಿತ್ತು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಹೊಲಿಗೆಯವಳು ಸಿಕ್ಕಿದ್ದಳು. ಅದೇ ಕಾಯಿಲೆ, ಅದೇ ಮಾತ್ರೆ, ಅದೇ ವಿಮೆ.

"ಊತ ಅರ್ಧ ಇಳೀತು ಕಣಕ್ಕಾ," ಎಂದು ಆಕೆ ಸೊಟ್ಟ ಬೆರಳುಗಳನ್ನು ಚಾಚಿ ತೋರಿಸಿದಳು. "ಅಷ್ಟಕ್ಕೇ ನಿಮಗೆ ಮಾತ್ರೆ ಸಾಕು ಅಂದ್ಬಿಟ್ರು. ಸೂಜಿಗೆ ದಾರ ಪೋಣ್ಸಕ್ಕೆ ಆಗಲ್ಲ, ಯಾವ ಸೀಮೆ ಗುಣ ಇದು? ಪೂರ್ತಿ ಕೆಟ್ಟಿದ್ರೆ ಆರಾಮಾಗಿ ಇಂಜೆಕ್ಷನ್ ಸಿಕ್ಕಿರೋದು!"

ಆಕೆ ನಕ್ಕಳು. ಕೇಕಮ್ಮ ನಗಲಿಲ್ಲ. ಆ ಕೊನೆಯ ಮಾತು ಅವಳ ತಲೆಯೊಳಗೆ ಹೊಕ್ಕು ಅಲ್ಲೇ ಠಿಕಾಣಿ ಹೂಡಿತು.

ವಿಷ ಬೆರೆಸಿದವರು ಸಿಕ್ಕಿಬೀಳುತ್ತಾರೆ. ಬೆರೆಸಿದ್ದೇ ಏನೂ ಇಲ್ಲದಿದ್ದರೆ ಹುಡುಕುವವರಿಗೆ ಸಿಗುವುದಾದರೂ ಏನು? ಔಷಧಿ ಇಲ್ಲದೆ ಮೂರು ತಿಂಗಳು ಕಳೆದರೆ ಊತ ಇಳಿಯುವುದಿಲ್ಲ, ವಿಮೆಯ ಡಾಕ್ಟರು ಕಣ್ಣಾರೆ ಕಾಣುತ್ತಾರೆ, ಒಪ್ಪಿಗೆ ಕೊಡುತ್ತಾರೆ. ಆಮೇಲೆ ಇಂಜೆಕ್ಷನ್ನು ಎಲ್ಲವನ್ನೂ ಸರಿಮಾಡುತ್ತದೆ. ಮೂರು ತಿಂಗಳ ನೋವು ಕೊಟ್ಟು ಇಡೀ ಬಾಳಿನ ಬೆರಳುಗಳನ್ನು ಬಿಡಿಸಿಕೊಳ್ಳುವುದು ಅನ್ಯಾಯವೇನಲ್ಲ.

ಮಗಳಿಗೆ ಹೇಳುವಂತಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬಾರದು. ಗಿರಾಕಿಯ ಮುಖ ನೋಡಿ "ಇದು ನಿಮಗೆ ಒಪ್ಪಲ್ಲ ಸಾರ್" ಎಂದು ಹೇಳಿ ಯಜಮಾನನಿಂದ ಎಷ್ಟೋ ಸಲ ಬೈಸಿಕೊಂಡವಳು.

ಮಾತ್ರೆ ಸಣ್ಣದು, ದುಂಡಗೆ, ಹಳದಿ, ನಡುವೆ ಒಂದು ಗೆರೆ. ವಾರಕ್ಕೊಮ್ಮೆ ನುಂಗಬೇಕು. ಮಧ್ಯಾಹ್ನ ಬೇಕರಿಯವರು ಊಟಕ್ಕೆ ಹೋದಾಗ ಕೇಕಮ್ಮ ಮೆಕ್ಕೆಜೋಳದ ಹಿಟ್ಟಿಗೆ ಚೂರು ಸಕ್ಕರೆ ಪಾಕ ಹಾಕಿ ಕಲಸಿದಳು. ಕೇಕಿನ ಹಳದಿ ಬಣ್ಣ ಎದ್ದು ಕಾಣುತ್ತಿತ್ತು, ಅದಕ್ಕೆ ಕಂದು ಬಣ್ಣದ ಒಂದು ತೊಟ್ಟು ಬಿಟ್ಟು ಮಂಕು ಮಾಡಿದಳು. ಸಿಹಿ ಗೊತ್ತಾಗಬಾರದೆಂದು ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಒಣಗಿಸಿ ಪುಡಿ ಮಾಡಿ ಸೇರಿಸಿದಳು. ಅದರ ಕಹಿಗೆ ಅವಳ ನಾಲಿಗೆಯೇ ಮುದುಡಿತು. ಕ್ರೀಮು ಹಿಂಡುವ ನಳಿಗೆಯಲ್ಲಿ ಒತ್ತಿ, ಬ್ಲೇಡಿನ ಅಂಚಿನಿಂದ ಗೆರೆ ಎಳೆದು, ಒಲೆಯ ನೆತ್ತಿಯ ಮೇಲೆ ಒಣಗಿಸಿದಳು. ಅಸಲಿಯನ್ನೂ ನಕಲಿಯನ್ನೂ ಅಂಗೈಯಲ್ಲಿ ಬೆರೆಸಿ ನೋಡಿದರೆ ಮಾಡಿದವಳಿಗೇ ಗುರುತು ಸಿಗಲಿಲ್ಲ. ಎಲ್ಲವನ್ನೂ ಬಚ್ಚಲಿಗೆ ಸುರಿದು ಹೊಸದಾಗಿ ಮಾಡಬೇಕಾಯಿತು. ಆ ದಿನ ಅವಳು ಒಳಗೊಳಗೇ ಸ್ವಲ್ಪ ಜಂಬಪಟ್ಟಿದ್ದು ನಿಜ.

"ನೀನು ಮರೆಗುಳಿ, ಡಬ್ಬಿ ನನ್ನ ಹತ್ರಾನೇ ಇರ್ಲಿ," ಎಂದು ಮನೆಯಲ್ಲಿ ಮಗಳಿಗೆ ಹೇಳಿದಳು.

"ಸರಿ ಕಣಮ್ಮಾ, ಗುಬ್ಬಿಮರಿಗೆ ಗುಟುಕು ಕೊಟ್ಟ ಹಾಗೆ ಬಾಯಿಗೇ ಹಾಕ್ಬಿಡು," ಎಂದು ಮಗಳು ಬಾಯಿ ತೆರೆದು ಕೂತಳು. ನುಂಗಿ ಮುಖ ಕಿವುಚಿದಳು. "ಥೂ, ಏನ್ ಕಹಿ! ಖಂಡಿತ ಕೆಲ್ಸ ಮಾಡುತ್ತೆ ಬಿಡು."

ವಾರಗಳು ಉರುಳಿದವು. ಮಗಳಿಗೆ ರವಿಕೆಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಯಜಮಾನ ಅವಳನ್ನು ತಿರುಪಿನ ಮೇಜಿನಿಂದ ಎಬ್ಬಿಸಿ ಗಾಜು ಒರೆಸಲು ಹಾಕಿದ. ಬಲಗೈಯ ಉಂಗುರದ ಬೆರಳು ಪಕ್ಕಕ್ಕೆ ವಾಲತೊಡಗಿತು. ಬೆಳಗ್ಗೆ ಅವಳ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದುಕೊಂಡಾಗ ಕೇಕಮ್ಮನಿಗೆ ಅಲ್ಲೇ ಎಲ್ಲ ಹೇಳಿಬಿಡೋಣ ಅನಿಸುತ್ತಿತ್ತು. ಆದರೆ ಈಗ ಬಿಟ್ಟರೆ ಪಟ್ಟ ನೋವೆಲ್ಲ ನೀರುಪಾಲು. ಇನ್ನು ಸ್ವಲ್ಪ ದಿನ. ಇನ್ನು ಸ್ವಲ್ಪವೇ.

"ಅಳಬೇಡ ಕಣಮ್ಮಾ," ಎಂದು ಮಗಳೇ ಸಮಾಧಾನ ಮಾಡುತ್ತಿದ್ದಳು. "ಮಾತ್ರೆ ನಿಧಾನಕ್ಕೆ ಹಿಡಿಯುತ್ತಂತೆ."

ಮೂರು ತಿಂಗಳು ಮುಗಿದ ಮೇಲೆ ವಿಮೆಯ ಡಾಕ್ಟರಮ್ಮನ ಕೋಣೆಗೆ ಇಬ್ಬರೂ ಹೋದರು. ಆಕೆ ಒಳ್ಳೆಯ ಹೆಂಗಸು. ಮಗಳ ಕೈಯನ್ನು ಮೆತ್ತಗೆ ಹಿಡಿದು ಒಂದೊಂದೇ ಗೆಣ್ಣನ್ನು ಒತ್ತಿದಳು. ಮಗಳು ತುಟಿ ಕಚ್ಚಿಕೊಂಡಳು, ಕೊನೆಗೆ ತಡೆಯಲಾರದೆ ಕೂಗಿಬಿಟ್ಟಳು. ಆ ಕೂಗಿಗೆ ಕೇಕಮ್ಮ ಅವಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದರ ಜೊತೆಗೇ ಗೆದ್ದೆ ಎಂಬ ಒಂದು ಸಣ್ಣ ಸದ್ದೂ ಒಳಗೆ ಕೇಳಿತು.

"ಪಾಪ, ಒಂದು ಚೂರೂ ಗುಣ ಇಲ್ವಲ್ಲ," ಎಂದಳು ಡಾಕ್ಟರಮ್ಮ. "ಒಂದು ವಾರಾನೂ ತಪ್ಪಿಸಿಲ್ಲ ತಾನೆ?"

"ಇಲ್ಲ ಮೇಡಂ, ಅಮ್ಮ ಬಿಡ್ಬೇಕಲ್ಲ! ಅವಳೇ ಬಾಯಿಗೆ ಹಾಕ್ತಾಳೆ."

"ಮಾರನೇ ದಿನ ಹೊಟ್ಟೆ ತೊಳಸೋದು, ವಾಂತಿ, ಬಾಯಿಹುಣ್ಣು?"

"ಅಯ್ಯೋ, ಏನೇನೂ ಇಲ್ಲ ಮೇಡಂ. ಚೆನ್ನಾಗಿ ಊಟ ಮಾಡ್ಕೊಂಡು ಗುಂಡುಗುಂಡಗೆ ಇದ್ದೀನಿ."

ಡಾಕ್ಟರಮ್ಮನ ಮುಖ ಅರಳಿತು. "ಹಾಗಾದ್ರೆ ಒಳ್ಳೇದೇ ಆಯ್ತು. ಈ ಮಾತ್ರೆ ಎಂಥವರ ಹೊಟ್ಟೇನೂ ಕಲಕಿಬಿಡುತ್ತೆ, ಅದಕ್ಕೇ ಜಾಸ್ತಿ ಕೊಡಕ್ಕೆ ಹೆದರ್ತೀವಿ. ನಿಮ್ಮ ಮೈಗೆ ಇಷ್ಟು ಚೆನ್ನಾಗಿ ಒಗ್ಗಿದೆ ಅಂದ್ಮೇಲೆ ಮಾತ್ರೆ ಸೋತಿದೆ ಅನ್ನಕ್ಕಾಗಲ್ಲ, ಸಾಲದಾಗಿದೆ ಅಷ್ಟೆ. ಇನ್ನೂ ಮೂರು ತಿಂಗಳು ಎರಡರಷ್ಟು ಕೊಡೋಣ. ವಾರಕ್ಕೊಂದ್ಸಲ ಇಲ್ಲಿಗೇ ಬಂದು ನರ್ಸ್ ಎದುರಿಗೆ ನುಂಗಿ ಹೋಗಿ. ಇಂಜೆಕ್ಷನ್ ವಿಷ್ಯ ಆಮೇಲೆ ನೋಡೋಣ." ನರ್ಸಿನ ಎದುರಿಗೆ ಎಂದರೆ ಅಸಲಿ ಮಾತ್ರೆ, ಹೊಲಿಗೆಯವಳಿಗೆ ಸಿಕ್ಕ ಅದೇ ಅರ್ಧ ಗುಣ, ಇಂಜೆಕ್ಷನ್ನಿನ ಬಾಗಿಲು ಅಲ್ಲಿಗೆ ಮುಚ್ಚಿದಂತೆ, ವಾಲಿದ ಬೆರಳು ಮಾತ್ರ ವಾಲಿಯೇ ಇರುತ್ತದೆ. ಕೇಕಮ್ಮನಿಗೆ ನಿಜ ಹೇಳಿಬಿಡೋಣ ಅನಿಸಿತು. ಆದರೆ ಯಾವ ಮಾತು ಆಡಿದರೂ ಅದನ್ನು ಮಗಳ ಮುಂದೆಯೇ ಆಡಬೇಕಾಗಿತ್ತು. ನಕಲಿ ಮಾತ್ರೆಗೆ ಬಣ್ಣ, ಗೆರೆ, ಕಹಿ ಎಲ್ಲವನ್ನೂ ತಂದಿದ್ದಳು. ನುಂಗಿದವರ ಹೊಟ್ಟೆ ತೊಳಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಹೊಟ್ಟೆ ತೊಳಸುತ್ತೆ ಅಂತ ನಿಂಗೆ ಗೊತ್ತಿತ್ತೇನೇ?" ಎಂದು ಮಗಳ ಕಡೆ ತಿರುಗಿ ಕೇಳಿದಳು. ಮಗಳು ಊದಿದ ಕೈಯನ್ನು ಅಮ್ಮನ ಕೈಮೇಲಿಟ್ಟಳು. "ಕೀಲಿನ ಡಾಕ್ಟ್ರು ಮೊದಲನೇ ದಿನಾನೇ ಹೇಳಿದ್ರು ಕಣಮ್ಮಾ. ನೀನು ಸುಮ್ನೆ ಗಾಬರಿಯಾಗ್ತೀಯ ಅಂತ ನಾನೇ ಬಾಯಿ ಬಿಡ್ಲಿಲ್ಲ."