ಕೈತಪ್ಪಿದ ಟೇಪು

ಹೆಲ್ವಿ ಎಸೆದ, ಹಾಕಿ ಕೋಲಿಗೆ ಸುತ್ತುವ ಟೇಪಿನ ಸುರುಳಿ ಸೀದಾ ಹೋಗಿ ತಾರಾಸನ ಎಡಗೆನ್ನೆಗೆ ಬಡಿದು ನೆಲಕ್ಕೆ ಬಿತ್ತು.

ಡ್ರೆಸ್ಸಿಂಗ್ ರೂಮಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಅಜ್ಜಂಗಿನ್ನೂ ನಿದ್ದೆ ಬಿಟ್ಟಿಲ್ಲ ಕಣ್ರೋ!" ಎಂದು ಗೋಲ್‌ಕೀಪರ್ ಕೂಗಿದ. ತಾರಾಸನೂ ನಕ್ಕು, ನರೆತ ಗಡ್ಡ ಕೆರೆದುಕೊಂಡ. ಹೆಲ್ವಿ ಮಾತ್ರ ನಗಲಿಲ್ಲ.

ಥಂಡರ್ ಬೇ ಊರಿನ ಆ ಐಸ್ ಹಾಕಿ ರಿಂಕಿನಲ್ಲಿ ತಂಡದವರ ಸ್ಕೇಟುಗಳಿಗೆ ಸಾಣೆ ಹಿಡಿಯುವವಳು ಅವಳು. ಆರು ವರ್ಷಗಳಿಂದ ಪ್ರತಿ ಪಂದ್ಯಕ್ಕೂ ಮುಂಚೆ ಅವಳು ಟೇಪು ಎಸೆಯುವುದು, ತಾರಾಸ್ ತಲೆ ತಿರುಗಿಸದೆಯೇ ಎಡಗೈಯಲ್ಲಿ ಅದನ್ನು ಹಿಡಿದು, ಆಮೇಲೆ ಅವಳತ್ತ ಒಂದು ಹುಬ್ಬು ಏರಿಸುವುದು. ಆ ಹುಬ್ಬಿಗಾಗಿಯೇ ಅವಳು ಪಂದ್ಯದ ದಿನ ತಲೆಯನ್ನು ಎರಡೆರಡು ಸಲ ಬಾಚಿಕೊಳ್ಳುತ್ತಿದ್ದಳು. ಕೇಳಿದರೆ ಒಪ್ಪುತ್ತಿರಲಿಲ್ಲ.

"ಬಾ ಇಲ್ಲಿ, ನಿನ್ನ ಸ್ಕೇಟು ತಗೊಂಡು ಹೋಗು," ಎಂದಳು. ಅವನು ಸಾಣೆಯ ಕೋಣೆಗೆ ಬಂದೊಡನೆ ಬಾಗಿಲು ಹಾಕಿದಳು.

"ಯಾವಾಗಿಂದ?"

"ಏನು ಯಾವಾಗಿಂದ?"

ಅವಳು ಅವನ ಎಡಕ್ಕೆ ಸರಿದು, ಕಿವಿಯ ಹತ್ತಿರ ಕೈ ಬೀಸಿದಳು. ಅವನ ರೆಪ್ಪೆ ಅಲುಗಲಿಲ್ಲ.

"ಹೋದ ವಾರ ಹೆಲ್ಮೆಟ್ಟಿಗೆ ಪಕ್ ಬಡೀತಲ್ಲ, ಅವತ್ತಿಂದ ಈ ಕಡೆ ಒಂಚೂರು ಮಬ್ಬು," ಎಂದ ತಾರಾಸ್. "ಸರಿಹೋಗುತ್ತೆ ಬಿಡು."

"ಡಾಕ್ಟರಿಗೆ ಹೇಳಿದ್ಯಾ?"

"ಹೇಳಿದ್ರೆ ಇವತ್ತು ಆಡೋಕೆ ಬಿಡ್ತಾರಾ?"

ಗೋಲಿನತ್ತ ನುಗ್ಗಿ ಬರುವ ಪಕ್‌ಗೆ, ಆ ಗಟ್ಟಿ ರಬ್ಬರ್ ಬಿಲ್ಲೆಗೆ, ಮೈ ಒಡ್ಡುವುದೇ ತಾರಾಸನಂಥ ಡಿಫೆನ್ಸಿನವನ ಕಸುಬು. ಹದಿನಾಲ್ಕು ವರ್ಷ ಊರೂರಿನ ಬಸ್ಸು ಹತ್ತಿ, ಹಲ್ಲು ಮುರಿಸಿಕೊಂಡು, ಪಕ್ಕೆಲುಬಿಗೆ ಪಟ್ಟಿ ಬಿಗಿಸಿಕೊಂಡು ಆಡಿದರೂ ಅವನು ಒಂದು ಸಲವೂ ಟ್ರೋಫಿ ಎತ್ತಿರಲಿಲ್ಲ. ಇವತ್ತು ಗೆದ್ದರೆ ಟ್ರೋಫಿ. ಅದಕ್ಕೇ ಕೊನೆಯ ಹಂತದ ಪ್ಲೇಆಫ್ ಪಂದ್ಯಗಳು ಶುರುವಾದ ದಿನದಿಂದ ತಂಡದಲ್ಲಿ ಒಬ್ಬನೂ ಗಡ್ಡ ಮುಟ್ಟಿರಲಿಲ್ಲ, ಕೋಚು ಕೂಡ. ಗೆಲ್ಲುವ ತನಕ ಅಥವಾ ಸೋತು ಮನೆಗೆ ಹೋಗುವ ತನಕ ಯಾರೂ ಕ್ಷೌರ ಮಾಡಿಕೊಳ್ಳುವಂತಿಲ್ಲ; ಮಾಡಿಕೊಂಡರೆ ತಂಡಕ್ಕೇ ಅಪಶಕುನ.

ಹೆಲ್ವಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮೈ ಉರಿಯಿತು. ಬೆಳಿಗ್ಗೆ ತಾನೇ ಪ್ರೀತಿಯಿಂದ ಸಾಣೆ ಹಿಡಿದಿದ್ದ ಅವನ ಸ್ಕೇಟುಗಳನ್ನು ಎತ್ತಿಕೊಂಡು, ಬ್ಲೇಡುಗಳನ್ನು ಬೆಂಚಿನ ಕಬ್ಬಿಣದ ಅಂಚಿಗೆ ಕರಕರ ಉಜ್ಜಿ ಮೊಂಡು ಮಾಡಿದಳು.

"ಏ! ಹುಚ್ಚು ಹಿಡೀತಾ ನಿನಗೆ?"

"ಸಾಣೆ ಮೆಷಿನ್ನು ಅಲ್ಲಿದೆ, ನೀನೇ ಹಿಡ್ಕೋ. ನಿನ್ನ ಕಣ್ಣು ಕಳೆಯೋ ಕೆಲಸಕ್ಕೆ ನನ್ನ ಕೈ ಬರಲ್ಲ."

"ನನ್ನ ಕಣ್ಣು, ನನ್ನ ಆಟ! ಕೇಳೋಕೆ ನಿನಗೇನು ಹಕ್ಕು?"

"ಹಕ್ಕು ಬೇಕಾ? ಆರು ವರ್ಷದಿಂದ ನಿನ್ನ ಹುಬ್ಬು ನೋಡ್ಕೊಂಡು ಕೂತಿದ್ದೀನಲ್ಲ, ಅದು! ಪ್ರತಿ ವರ್ಷ 'ಸೀಸನ್ ಮುಗೀಲಿ ಹೆಲ್ವಿ, ನಿನಗೇನೋ ಹೇಳ್ಬೇಕು' ಅಂತೀಯ. ಸೀಸನ್ ಮುಗಿಯುತ್ತೆ, ನೀನು ಗಾಳ ಹಿಡ್ಕೊಂಡು ಮೀನಿನ ಹಿಂದೆ ಓಡ್ತೀಯ. ನಿನ್ನನ್ನ ಪ್ರೀತಿಸ್ತೀನಿ ಕಣೋ ದಡ್ಡ! ಸಾಕಾ ಹಕ್ಕು?"

ಕಿರುಚಿದ ಮೇಲೆ ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಇನ್ನೂ ಏರಿತು. ತಾರಾಸನ ಮುಖ ಕೆಂಪಾಗಿತ್ತು.

"ಒಂದೇ ಮ್ಯಾಚು, ಹೆಲ್ವಿ."

"ಇನ್ನೊಂದೇ ಏಟು, ತಾರಾಸ್."

"ಸಾಣೆ ಹಿಡಿಯೋಳು ಈ ಊರಲ್ಲಿ ನೀನೊಬ್ಬಳೇ ಅಲ್ಲ," ಎಂದು ಅವನು ಸ್ಕೇಟು ಕಿತ್ತುಕೊಂಡು, ಬಾಗಿಲನ್ನು ದಢಾರನೆ ಹಾಕಿಕೊಂಡು ಹೋದ.

ಅವಳು ಕುಳಿತು ಅತ್ತಳು, ಅಳುತ್ತಲೇ ಅವನನ್ನು ಬಾಯಿಗೆ ಬಂದಂತೆ ಬೈದಳು. ಹೊರಗೆ ಜನ ಸೇರುವ ಗದ್ದಲ ಕೇಳಿಸಿತು. ತಾನೇ ಹೋಗಿ ಡಾಕ್ಟರಿಗೆ ಹೇಳಿದರೆ ಅವನು ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. ನೋಡದಿದ್ದರೆ ಬೇಡ, ನೋಡಲು ಕಣ್ಣಾದರೂ ಉಳಿಯಲಿ ಎಂದುಕೊಂಡು ಎದ್ದು, ಮೂಗು ಒರೆಸಿಕೊಂಡು ಬಾಗಿಲು ತೆರೆದಳು.

ಎದುರಿಗೆ ಯಾರೋ ನಿಂತಿದ್ದ. ಬೋಳು ಗಲ್ಲ, ಅದರ ಮೇಲೊಂದು ಗಾಯ, ಕಿವಿಯ ಹಿಂದೆ ಸೋಪಿನ ನೊರೆ. ಅವಳಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ.

"ಅಯ್ಯೋ, ಗಡ್ಡ!"

"ತೆಗೆದುಬಿಟ್ಟೆ. ಆಮೇಲೆ ಡಾಕ್ಟರ ಹತ್ತಿರ ಹೋದೆ," ಎಂದ ತಾರಾಸ್. "ಗಡ್ಡ ಇದ್ದಿದ್ರೆ ಅವರ ಬಾಗಿಲವರೆಗೂ ಹೋಗಿ ವಾಪಸ್ ಬಂದುಬಿಡ್ತಿದ್ದೆ. ಈಗ ಹುಡುಗರು ನನ್ನನ್ನ ಒಳಗೇ ಸೇರಿಸಲ್ಲ. ಸೋತ್ರೆ ನನ್ನ ಗಡ್ಡದಿಂದಲೇ ಸೋತ್ವಿ ಅಂತಾರೆ." ನಗಲು ನೋಡಿದ, ಆಗದೆ ಗಲ್ಲದ ಗಾಯ ಒರೆಸಿಕೊಂಡ. "ಈಗಲೇ ಆಸ್ಪತ್ರೆಗೆ ಹೋಗ್ಬೇಕಂತೆ. ನಾನು ಗಾಡಿ ಓಡಿಸೋ ಹಾಗಿಲ್ಲ."

ಹೆಲ್ವಿ ಮೊಳೆಗೆ ತಗುಲಿಸಿದ್ದ ಕೀಲಿ ತೆಗೆದುಕೊಂಡಳು.

"ನನ್ನ ಮೇಲೆ ಕೋಪನಾ?"

"ಸಿಕ್ಕಾಪಟ್ಟೆ. ಹದಿನಾಲ್ಕು ವರ್ಷ ಕಾದಿದ್ದೆ ಕಣೇ."

"ನನಗೂ ಕೋಪ ಇಳಿದಿಲ್ಲ. ನಡಿ."

ಅವಳು ಅವನ ಎಡಕ್ಕೆ ಹೋಗಿ ತೋಳು ಹಿಡಿದುಕೊಂಡಳು. ರಿಂಕಿನಲ್ಲಿ ಪಂದ್ಯ ಶುರುವಾದ ಕೂಗೆದ್ದಿತು. ಅವನ ತೋಳು ಬಿಗಿಯಾಯಿತು, ಆದರೂ ಅವನು ತಿರುಗಿ ನೋಡಲಿಲ್ಲ. ಹೊರಬಾಗಿಲ ಹತ್ತಿರ ನಿಂತುಬಿಟ್ಟ.

"ಬಲಗಡೆ ಬಾ, ಹೆಲ್ವಿ."

"ಯಾಕೆ?"

"ನಂದು ಸೀಸನ್ ಮುಗೀತು. ನಿನಗೇನೋ ಹೇಳ್ಬೇಕು. ಹೇಳುವಾಗ ಮುಖ ಕಾಣ್ಬೇಕಲ್ಲ."

ಅವಳು ಸಿಟ್ಟಿನಲ್ಲೇ ಸುತ್ತಿ ಬಂದು ಅವನ ಬಲಕ್ಕೆ ನಿಂತಳು. ಅಭ್ಯಾಸಬಲದಿಂದ ಅವನ ಹುಬ್ಬು ಮೇಲೇರಿತು.

"ಹುಬ್ಬಲ್ಲಿ ಅಲ್ಲ," ಎಂದಳು, "ಬಾಯಿ ಬಿಟ್ಟು ಹೇಳು."

ಹೇಳಿದ.