ನಲವತ್ತೊಂದನೇ ನಂಬರ್ ಸೈಟು

ಅವಳು ಚೀಟಿ ಬಿಚ್ಚಿದ ಕೂಡಲೇ ಶಾಮಿಯಾನದ ತುಂಬ "ಅಯ್ಯೋ" ಅನ್ನುವ ಸದ್ದು ಎದ್ದಿತು. ಆ ಸದ್ದಿನಲ್ಲಿ ಕನಿಕರ ಕಡಿಮೆ. ಸದ್ಯ ನಮಗೆ ಬರಲಿಲ್ಲವಲ್ಲ ಅನ್ನುವ ಸಮಾಧಾನವೇ ಹೆಚ್ಚು.

ಎಪ್ಪತ್ಮೂರನೇ ಇಸವಿಯ ಮಾತು. ಹೊಗೆಸೊಪ್ಪು ಕೈಹಿಡಿದ ಮೇಲೆ ಹುಣಸೂರು ನಿಂತಲ್ಲಿ ನಿಲ್ಲದೆ ಬೆಳೆಯುತ್ತಿತ್ತು. ಕೋಟೆ ರಸ್ತೆ ಪಕ್ಕದ ಹೊಲಗಳನ್ನು ಸಮ ಮಾಡಿ, ಕಲ್ಲು ನೆಟ್ಟು, ಹೊಸ ಬಡಾವಣೆ ಅಂತ ಹೆಸರಿಟ್ಟು, ಅರ್ಜಿ ಹಾಕಿದವರಿಗೆ ಚೀಟಿ ಎತ್ತಿಸಿ ಸೈಟು ಹಂಚುತ್ತಿದ್ದರು. ನಾನು ಸೋಮಯ್ಯ. ಹಗಲು ಬಜಾರ್ ರಸ್ತೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಉಳಿದ ಹೊತ್ತಿನಲ್ಲಿ ಮೈಸೂರಿನ ಒಂದು ಸಂಜೆ ಪತ್ರಿಕೆಗೆ ಹುಣಸೂರು ವರದಿಗಾರ. ಸಂಬಳವಿಲ್ಲ, ಗತ್ತು ಮಾತ್ರ ಬೇಕಾದಷ್ಟು.

ನಲವತ್ತೊಂದನೇ ನಂಬರ್ ವ್ಯಾಘ್ರಮುಖದ ಸೈಟು. ರಸ್ತೆ ಕಡೆ ಅಗಲ, ಹಿಂದಕ್ಕೆ ಹೋದ ಹಾಗೆಲ್ಲ ಕಿರಿದು. ಮುಂದೆ ಕಿರಿದಾಗಿ ಹಿಂದೆ ಅಗಲವಿದ್ದರೆ ಗೋಮುಖ, ಅದು ಮನೆಗೆ ಒಳ್ಳೆಯದು. ಹುಲಿಮುಖದಲ್ಲಿ ಮನೆ ಕಟ್ಟಿದವರು ಉದ್ಧಾರವಾಗುವುದಿಲ್ಲ ಅಂತ ನಮ್ಮ ಕಡೆಯವರ ನಂಬಿಕೆ. ಆ ಚೀಟಿ ಎತ್ತಿದವಳು ಪ್ರೈಮರಿ ಸ್ಕೂಲಿನ ಟೀಚರು ಶಿವರುದ್ರಮ್ಮ. ಗಾವಡಗೆರೆಯವಳು. ಇಪ್ಪತ್ನಾಲ್ಕು ವಯಸ್ಸಾದರೂ ಮದುವೆಯಾಗಿರಲಿಲ್ಲ. ತಾಯಿಯನ್ನು ಕರೆದುಕೊಂಡು ಬಂದು ಪೇಟೆಯಲ್ಲಿ ಬಾಡಿಗೆಗಿದ್ದಳು.

ನಾನು ನೋಟ್‌ಬುಕ್ ಹಿಡಿದು ಹತ್ತಿರ ಹೋದೆ. "ಪತ್ರಿಕೆಯವನು. ನಿಮ್ಮ ಅಭಿಪ್ರಾಯ ಹೇಳ್ತೀರಾ?"

ಅವಳು ನನ್ನ ಪೆನ್ನು ನೋಡಿದಳು, ಚಪ್ಪಲಿ ನೋಡಿದಳು, ಕೊನೆಗೆ ಮುಖ ನೋಡಿದಳು. "ಹುಲಿ ಬಾಯಿಗೆ ಬಿದ್ದೋಳ ಹತ್ರ ಅಭಿಪ್ರಾಯ ಬೇರೆ ಕೇಳ್ತೀರಲ್ರೀ!"

"ಹಾಗೇ ಬರ್ಕೊಳ್ಳಲಾ?"

"ಬರ್ಕೊಳ್ಳಿ. ಹುಲಿ ಇನ್ನೂ ನುಂಗಿಲ್ಲ ಅಂತಾನೂ ಸೇರ್ಸಿ."

ಹೇಳಿ ನಕ್ಕಳು. ತುಟಿಯ ಒಂದು ತುದಿ ಮಾತ್ರ ನಕ್ಕಿತು, ಇನ್ನೊಂದು ತುದಿ ಅಳುವುದೋ ಬೇಡವೋ ಅಂತ ಯೋಚಿಸುತ್ತಿತ್ತು. ನಾನು ಅವತ್ತಿನ ವರದಿಯಲ್ಲಿ ಎಲ್ಲರ ಹೆಸರೂ ಬರೆದೆ, ಅವಳದನ್ನು ಬಿಟ್ಟು. ಆ ಹೆಸರನ್ನು ಊರವರ ಬಾಯಿಗೆ ಹಾಕಲು ನನಗೆ ಇಷ್ಟವಾಗಲಿಲ್ಲ.

ಆಮೇಲೆ ಸಂಜೆಯಾದರೆ ನನ್ನ ಕಾಲು ತಾನಾಗಿ ಬಡಾವಣೆ ಕಡೆ ತಿರುಗುತ್ತಿತ್ತು. ಯಾರಾದರೂ ಕೇಳಿದರೆ ಸುದ್ದಿ ಹುಡುಕಲು ಅನ್ನುತ್ತಿದ್ದೆ. ಅವಳೂ ಸ್ಕೂಲು ಬಿಟ್ಟವಳು ಛತ್ರಿ ಹಿಡಿದು ಅಲ್ಲಿಗೆ ಬರುತ್ತಿದ್ದಳು. ಬರೀ ನೆಲದಲ್ಲಿ ಓಡಾಡಿ, "ಇದು ಅಡುಗೆ ಮನೆ. ಇದು ನಮ್ಮವ್ವ ಕೂತ್ಕೊಳ್ಳೋ ಜಗಲಿ. ನೀವೀಗ ನಿಂತಿರೋದು ಬಚ್ಚಲು, ಜರುಗಿ" ಅನ್ನುತ್ತಿದ್ದಳು. ನಾನು ಜರುಗುತ್ತಿದ್ದೆ. ಒಮ್ಮೆ ಪಕ್ಕಕ್ಕೆ ಹಾರಿ, "ಈಗ ಎಲ್ಲಿದೀನಿ?" ಅಂದೆ.

"ನಡುಮನೆ," ಅಂದವಳು ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದಳು. ಅವಳ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು.

ಒಂದು ದಿನ ಅವಳು ಓಡಾಡಲಿಲ್ಲ. ಗಡಿಕಲ್ಲಿನ ಮೇಲೆ ಕೂತು ಹುಲ್ಲು ಕೀಳುತ್ತಿದ್ದಳು. "ಪಿರಿಯಾಪಟ್ಟಣದ ಗಂಡು ಬೇಡ ಅಂದ್ರಂತೆ. ಹುಲಿಮುಖದ ಸೈಟು ಎತ್ಕೊಂಡ ಹುಡುಗಿ ಅತ್ತೆ ಮನೇಗೂ ಅದೇ ಗತಿ ತತ್ತಾಳೆ ಅಂತ. ನಮ್ಮವ್ವ ನೆನ್ನೆಯಿಂದ ಉಂಡಿಲ್ಲ. ಇದನ್ನ ವಾಪಸ್ ಕೊಟ್ಬುಡು ಅಂತದೆ."

"ಕೊಡ್ತೀರಾ?"

"ಸ್ಕೂಲಲ್ಲಿ ನಾಲ್ಕು ವರ್ಷ ಗಂಟಲು ಹರ್ಕೊಂಡಿದ್ದಕ್ಕೆ ನನ್ನ ಹೆಸರಲ್ಲಿ ಇರೋದು ಇದೊಂದೇ ಕಣ್ರೀ. ಹೆಂಗೆ ಕೊಡ್ಲಿ?"

ಅವಳು ನಗುತ್ತಲೇ ಹೇಳಿದಳು. ಆದರೆ ಕಿತ್ತ ಹುಲ್ಲು ಮಡಿಲ ತುಂಬ ಬಿದ್ದಿತ್ತು. ಏನಾದರೂ ಮಾಡಿ ಇವಳ ಮುಖ ಅರಳಿಸಬೇಕು ಅನ್ನಿಸಿ ತಲೆ ಎತ್ತಿದರೆ, ಎದುರಿನ ಮೈದಾನದಲ್ಲಿ ಹೊಸದಾಗಿ ಗೂಟ ಹೊಡೆದದ್ದು ಕಾಣಿಸಿತು. ದೊಡ್ಡ ಜಾಗ. ಪಕ್ಕದಲ್ಲಿ ಜಲ್ಲಿ ರಾಶಿ. ಊರೊಳಗಿನ ಬಸ್ ಸ್ಟ್ಯಾಂಡ್ ಸಾಲುವುದಿಲ್ಲ, ಹೊಸದು ಬೇಕು ಅಂತ ವರ್ಷದಿಂದ ಜನ ಆಡಿಕೊಳ್ಳುತ್ತಿದ್ದರು. ಇನ್ನೇನು ಬೇಕು? ಯಾರನ್ನೂ ಕೇಳಲಿಲ್ಲ. ಪ್ರೆಸ್ಸಿಗೆ ಓಡಿ ಬಂದು ಬರೆದೆ: "ಹೊಸ ಬಡಾವಣೆಯ ನಲವತ್ತೊಂದನೇ ನಿವೇಶನದ ಎದುರಿನಲ್ಲೇ ಭಾರಿ ಬಸ್ ನಿಲ್ದಾಣ ತಲೆಯೆತ್ತಲಿದೆ ಎಂದು ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ." ನಂಬಲರ್ಹ ಮೂಲ ಬೇರೆ ಯಾರೂ ಅಲ್ಲ, ನಾನೇ. ಕವರನ್ನು ಮೈಸೂರು ಬಸ್ಸಿನ ಕಂಡಕ್ಟರ್ ಚಿಕ್ಕಮಾದಯ್ಯನ ಕೈಗೆ ಕೊಟ್ಟೆ. ನಮ್ಮ ಸುದ್ದಿಯೆಲ್ಲ ಹೋಗುತ್ತಿದ್ದದ್ದು ಅವನ ಬ್ಯಾಗಿನಲ್ಲೇ.

ಮಾರನೆಯ ಸಂಜೆಗೆ ಪತ್ರಿಕೆ ಬಂತು. ಅದರ ಮಾರನೆಯ ಬೆಳಗ್ಗೆಯಿಂದ ಹುಣಸೂರು ಬೇರೆ ರಾಗ ಎಳೆಯಿತು. ಹುಲಿಮುಖ ಮನೆಗೆ ಕೆಟ್ಟದ್ದು ನಿಜ, ಆದರೆ ಅಂಗಡಿಗೆ ಅದಕ್ಕಿಂತ ಒಳ್ಳೆಯದು ಉಂಟೇ? ಮುಂಭಾಗ ಅಗಲ, ಬಾಗಿಲಿಗೇ ಬಸ್ಸು! ಅಯ್ಯೋ ಅಂದವರೇ ಈಗ ಆಹಾ ಅಂದರು. ಹದಿನೈದು ದಿನದೊಳಗೆ ಆ ಬಾಡಿಗೆ ಮನೆಗೆ ಮೂರು ಕಡೆಯಿಂದ ಸಂಬಂಧ ಬಂತು.

ಅವಳು ಪ್ರೆಸ್ಸಿಗೇ ಬಂದಳು. ಬಾಗಿಲಲ್ಲಿ ಛತ್ರಿ ಒರಗಿಸಿ, "ಪೇಪರ್‌ನೋರೇ, ನೀವು ಬರೆದಿದ್ದೇ ಬರೆದಿದ್ದು, ನಮ್ಮನೇಲಿ ಕಾಫಿಪುಡಿ ನಿಲ್ತಿಲ್ಲ ಕಣ್ರೀ" ಅಂದಳು.

"ಒಳ್ಳೇದಾಯ್ತಲ್ಲ," ಅಂದೆ.

"ಕೆ.ಆರ್. ನಗರದ ರೈಸ್ ಮಿಲ್ಲಿನೋರು ಭಾನುವಾರ ನೋಡಕ್ಕೆ ಬತ್ತಾರೆ. ಮಗನಿಗೆ ಆ ಸೈಟಲ್ಲಿ ಲಾಡ್ಜ್ ಕಟ್ಟಿಸಿ ಕೊಡ್ತಾರಂತೆ." ಅವಳು ನನ್ನನ್ನೇ ನೋಡಿದಳು. ಆ ನೋಟ ಬೇಗ ಮುಗಿಯಲಿಲ್ಲ. ರೆಪ್ಪೆ ಒಮ್ಮೆ ಇಳಿದು ಮತ್ತೆ ಎದ್ದಿತು. "ನೀವೇನಂತೀರಿ?"

"ಒಳ್ಳೆ ಮನೆತನ," ಅಂದೆ. ಅಂದವನ ನಾಲಿಗೆಗೆ ಬರೆ ಹಾಕಬೇಕಿತ್ತು.

ಅವಳು ಮೊಳೆ ಪೆಟ್ಟಿಗೆಯಿಂದ ಒಂದು ಅಕ್ಷರ ಎತ್ತಿ, ಬೇಕಂತಲೇ ಬೇರೆ ಅಕ್ಷರದ ಮನೆಗೆ ಹಾಕಿದಳು. "ಹೌದಾ," ಅಂದು ಛತ್ರಿ ತೆಗೆದುಕೊಂಡು ಹೊರಟುಹೋದಳು.

ಮರುದಿನ ಗುರುವಾರ. ಮನಸ್ಸು ತಡೆಯದೆ ಪುರಸಭೆಯ ಓವರ್‌ಸಿಯರ್ ಕುಳ್ಳಯ್ಯನವರ ಹತ್ತಿರ ಹೋಗಿ, ಬಸ್ ಸ್ಟ್ಯಾಂಡ್ ಕೆಲಸ ಯಾವಾಗ ಶುರು ಅಂತ ಕೇಳಿದೆ.

ಅವರು ಬೀಡಿ ಬಾಯಿಂದ ತೆಗೆದರು. "ಯಾವ ಬಸ್ ಸ್ಟ್ಯಾಂಡ್ರೀ? ಅದು ದನದ ದೊಡ್ಡಿ ಕಣ್ರೀ. ಪೇಟೇಲಿ ಬೀಡಾಡಿ ದನ ಕೂಡಾಕೋ ದೊಡ್ಡಿ ಐತಲ್ಲ, ಅದ್ನ ಅಲ್ಲಿಗೆ ಸಾಗಿಸ್ತಾವ್ರೆ. ನೀವ್ ಬರ್ದಿದ್ದು ಓದಿ, ಮೇಲ್ನೋರು ಏನೋ ಬದಲಾಯಿಸವ್ರೆ ಅಂತ ನಾನೂ ಸುಮ್ನಾದೆ."

ನಾನು ಹೊರಗೆ ಬಂದೆ. ಎದುರಿಗೆ ಬಂದವರು ನಮಸ್ಕಾರ ಹೇಳಿದ್ದೂ ಕಿವಿಗೆ ಬೀಳಲಿಲ್ಲ.

ಅವತ್ತೇ ತಿದ್ದುಪಡಿ ಬರೆದೆ. ಚಿಕ್ಕಮಾದಯ್ಯನ ಕೈಗೆ ಕವರು ಕೊಟ್ಟು, ಬಸ್ಸು ಹೊರಟ ಮೇಲೆ ಲಕ್ಷ್ಮಣತೀರ್ಥ ಹೊಳೆಯ ಸೇತುವೆವರೆಗೂ ಸೈಕಲ್ ತುಳಿದು ಬಸ್ಸು ನಿಲ್ಲಿಸಿ ವಾಪಸು ಇಸಕೊಂಡೆ. ಶುಕ್ರವಾರ ಮತ್ತೆ ಕೊಟ್ಟೆ, ಮತ್ತೆ ಅದೇ ಸೇತುವೆಯ ಮೇಲೆ ಇಸಕೊಂಡೆ. "ಏನ್ಲಾ ಸೋಮ, ತಲೆ ನೆಟ್ಟಗೈತಾ?" ಅಂತ ಅವನು ಬೈದ. ನೆಟ್ಟಗಿರಲಿಲ್ಲ. ನಿಜ ಬರೆದರೆ ಈ ಮದುವೆ ಮುರಿಯುತ್ತದೆ. ಬರೆಯದಿದ್ದರೆ ಲಾಡ್ಜಿನ ಆಸೆಗೆ ತಾಳಿ ಕಟ್ಟಿದವರು ನಾಳೆ ದನದ ದೊಡ್ಡಿ ನೋಡಿ ಅವಳನ್ನು ಸುಮ್ಮನೆ ಬಿಡುತ್ತಾರೆಯೇ? ಉತ್ತರ ಸುಲಭವಿತ್ತು. ಆದರೂ ಕೈ ಹಿಂದೆಗೆಯುತ್ತಿತ್ತು, ಏಕೆಂದರೆ ಈ ಮದುವೆ ಮುರಿದರೆ ಸಾಕು ಅಂತ ನನಗೆ ಒಳಗೊಳಗೇ ಆಸೆಯಿತ್ತು. ನಾನು ಬರೆಯುತ್ತಿರುವುದು ನಿಜಕ್ಕಾಗಿಯೋ ನನಗಾಗಿಯೋ ಅನ್ನುವುದು ನನಗೇ ಬಗೆಹರಿಯಲಿಲ್ಲ.

ಶನಿವಾರ ಪಿರಿಯಾಪಟ್ಟಣಕ್ಕೆ ಸುದ್ದಿಗೆ ಹೋಗಬೇಕಾದವನು ಎಚ್.ಡಿ. ಕೋಟೆ ಬಸ್ಸು ಹತ್ತಿದ್ದೆ. ಅರ್ಧ ದಾರಿಯಲ್ಲಿ ಗೊತ್ತಾಗಿ ಇಳಿದು ಬಿಸಿಲಲ್ಲಿ ನಡೆದೇ ವಾಪಸಾದೆ. ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆಯ ವಧುವಿನ ಹೆಸರಿದ್ದ ಜಾಗಕ್ಕೆ ಶಿವರುದ್ರಮ್ಮ ಅಂತ ಮೊಳೆ ಜೋಡಿಸಿ, ಮಾಲೀಕರಿಂದ ಬೈಸಿಕೊಂಡೆ.

ಭಾನುವಾರ ಹತ್ತು ಗಂಟೆಗೆ ಅವಳ ಮನೆ ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಅಂಬಾಸಿಡರ್ ಕಾರು. ಒಳಗೆ ಜಮಖಾನದ ಮೇಲೆ ರೈಸ್ ಮಿಲ್ಲಿನ ಯಜಮಾನರು, ಪಕ್ಕದಲ್ಲಿ ಗರಿಗರಿ ಷರ್ಟಿನ ಮಗ, ಅವರ ಹೆಂಗಸರು. ಉಪ್ಪಿಟ್ಟು, ಕೇಸರಿಬಾತಿನ ವಾಸನೆ ಬೀದಿಗೇ ಬರುತ್ತಿತ್ತು. ಹುಡುಗಿ ಇನ್ನೂ ಹೊರಗೆ ಬಂದಿರಲಿಲ್ಲ.

ಅವಳ ತಾಯಿ ತಿಮ್ಮಮ್ಮ ನನ್ನನ್ನು ನೋಡಿ ಸಂಭ್ರಮದಿಂದ, "ಬನ್ನಿ ಬನ್ನಿ! ಇವ್ರೇ ಕಣ್ರಪ್ಪ ಪೇಪರಲ್ಲಿ ಬರ್ದೋರು" ಅಂದರು.

ಯಜಮಾನರ ಮುಖ ಅರಳಿತು. "ಓಹೋ! ಏನಪ್ಪಾ, ಬಸ್ ಸ್ಟ್ಯಾಂಡು ಯಾವಾಗ ಸುರು?"

"ಶುರು ಆಗಲ್ಲ ಸಾರ್," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. "ಅಲ್ಲಿ ಬರೋದು ದನದ ದೊಡ್ಡಿ. ನಾನು ಗೂಟ ನೋಡಿ, ಯಾರನ್ನೂ ಕೇಳದೆ ಬರೆದುಬಿಟ್ಟೆ. ತಪ್ಪು ನಂದು. ಇವರಿಗೆ ಯಾರಿಗೂ ಇದು ಗೊತ್ತಿಲ್ಲ."

ಮಗ ಅಪ್ಪನ ಮುಖ ನೋಡಿದ. ಅಪ್ಪ ವಾಚು ನೋಡಿಕೊಂಡರು. "ರಾಹುಕಾಲ ಬಂದ್‌ಬುಡ್ತದೆ, ಇನ್ನೊಂದಿನ ಬರುಮಾ" ಅಂತ ಎದ್ದರು. ಭಾನುವಾರದ ರಾಹುಕಾಲ ಸಂಜೆಗೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾರು ಹೊರಟಿತು.

"ನಿಮಗೆ ನಾವೇನ್ ಮಾಡಿದ್ವಪ್ಪಾ?" ಅಂತ ತಿಮ್ಮಮ್ಮ ಒಂದೇ ಮಾತು ಕೇಳಿ, ಸೆರಗು ಬಾಯಿಗೊತ್ತಿಕೊಂಡು ಅಡುಗೆ ಮನೆಗೆ ಹೋದರು. ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಶಿವರುದ್ರಮ್ಮ ಕೋಣೆಯಿಂದ ಬಂದಳು. ನೀಲಿ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಕಣ್ಣಲ್ಲಿ ಮಾತ್ರ ಬೆಂಕಿ.

"ಯಾವತ್ತು ಗೊತ್ತಾಯ್ತು?"

"ಗುರುವಾರ."

"ಪ್ರೆಸ್ಸಿಂದ ನಮ್ಮನೆಗೆ ಎಷ್ಟು ದೂರ?"

"ಎರಡು ಬೀದಿ."

"ಮೂರು ದಿನದಲ್ಲಿ ಎರಡು ಬೀದಿ ನಡಿಯಕ್ಕಾಗಲಿಲ್ವಾ?" ಅಂದಳು. "ಬಸ್ ಸ್ಟ್ಯಾಂಡ್ ತಂದ್ ಕೊಡೋವಾಗ ನನ್ನ ಒಂದು ಮಾತು ಕೇಳ್ಲಿಲ್ಲ. ಕಿತ್ಕೊಂಡು ಹೋಗೋವಾಗ್ಲೂ ಕೇಳ್ಲಿಲ್ಲ. ಅಷ್ಟು ಜನದ ಮುಂದೆ ಹೇಳಿದ್ರಿ. ಮೊದಲು ನನಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂದ್ಕೋತೀರಿ ಅಂತ ಹೆದರಿದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇತ್ತಾ?"

"ಏನು?"

"ಹೊಟ್ಟೆಕಿಚ್ಚು."

"ಇತ್ತು. ಬುಧವಾರದಿಂದ ಸರಿಯಾಗಿ ಊಟ ಸೇರಿಲ್ಲ."

"ಮತ್ತೆ ಅವತ್ತು ಒಳ್ಳೆ ಮನೆತನ ಅಂದ್ರಿ!"

"ಸುಳ್ಳು ಹೇಳಿದೆ. ನೀವು ಹೋದ ಮೇಲೆ ಆ ಅಕ್ಷರ ಹುಡುಕೋ ನೆಪದಲ್ಲಿ ಪೆಟ್ಟಿಗೆ ಮುಂದೆ ಕೂತೇ ಇದ್ದೆ. ಶಿವರುದ್ರಮ್ನೋರೇ, ನೀವಿಲ್ಲದೆ ನನ್ನ ಕೈಲಿ ಆಗಲ್ಲ. ಈಗಲಾದರೂ ನಿಮ್ಮನ್ನೇ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅವಳು ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ. "ನಾಳೆ ಪೇಪರಲ್ಲಿ ತಿದ್ದುಪಡಿ ಬರ್ಬೇಕು. ನಿಮ್ಮ ಹೆಸರು ಹಾಕಿ."

"ಹಾಕಿದರೆ ವರದಿಗಾರನ ಕೆಲಸ ಹೋಗುತ್ತೆ."

"ಹೋಗ್ಲಿ."

"ಹೋಗ್ಲಿ," ಅಂದೆ.

"ನಾನಂತೂ ಅಲ್ಲೇ ಮನೆ ಕಟ್ಟೋದು. ಊರೋರು ನಗ್ತಾರೆ, ದನ ಅರಚ್ತವೆ. ಹಿಂದೆಗಡೆ ಕೋಣೆ ಇಕ್ಕಟ್ಟಾಯ್ತದೆ. ಆಮೇಲೆ ಗೊಣಗಬಾರ್ದು." ಅಷ್ಟು ಹೇಳಿ ಒಳಗೆ ಹೋದಳು.

ಗೊಣಗಬಾರದು ಅಂದದ್ದು ಯಾರಿಗೆ? ನನಗೋ, ತಾಯಿಗೋ? ನಿಲ್ಲುವುದೋ ಹೊರಡುವುದೋ ತಿಳಿಯದೆ ಜಮಖಾನದ ಅಂಚಿನಲ್ಲಿ ನಿಂತೆ. ಒಳಗಿನಿಂದ ತಿಮ್ಮಮ್ಮನ ದನಿ ಬಂತು: "ಇಷ್ಟೊಂದು ಉಪ್ಪಿಟ್ಟ ಈಗ ಯಾರ್ ತಿಂತಾರೆ, ಶಿವನೇ!"

ಸ್ವಲ್ಪ ಹೊತ್ತಿಗೆ ಗೆಜ್ಜೆ ಸದ್ದಾಯಿತು. ಶಿವರುದ್ರಮ್ಮ ಎರಡೂ ಕೈಯಲ್ಲಿ ಟ್ರೇ ಹಿಡಿದು ಬಂದಳು. ಅದರಲ್ಲಿ ಒಂದು ತಟ್ಟೆ, ಒಂದು ಲೋಟ ಕಾಫಿ. ಸೆರಗು ಹೊದ್ದು, ತಲೆ ತಗ್ಗಿಸಿ, ಹೆಜ್ಜೆ ಎಣಿಸಿದ ಹಾಗೆ ಬಂದಳು, ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣು ಬರುವ ಹಾಗೆ. ಬಗ್ಗಿ ತಟ್ಟೆಯನ್ನು ನನ್ನ ಮುಂದಿಟ್ಟಳು. ಏಳುವಾಗ ಒಂದು ಸಲ ರೆಪ್ಪೆ ಎತ್ತಿದಳು.

"ಕೂತ್ಕೊಳ್ಳಿ."

ಕೂತೆ. ಅಡುಗೆ ಮನೆ ಬಾಗಿಲಲ್ಲಿ ತಿಮ್ಮಮ್ಮ ಸೌಟು ಹಿಡಿದು ಬಂದು ನಿಂತರು. ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಟ್ರೇ ನೋಡಿದರು.

"ಏನೇ ಇದು, ರುದ್ರಿ?"

"ಗಂಡಿಗೆ ತಿಂಡಿ ಕೊಡ್ತಾ ಇವ್ನಿ ಕಣವ್ವ," ಅಂದಳು.